ಸುಲಿವನ್ ಮನೆಯ ‘ಓ’ ಎಲ್ಲಿ ಬಿದ್ದುಹೋಯ್ತು?

ಬಾಸ್ಟನ್‌ನಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ತವರು ಧಾರವಾಡ. ಗಂಡನ ಮನೆಯವರು ಸುಲಿವನ್‌ಗಳು. ಐರ್ಲೆಂಡಿನ ದೊಡ್ಡ ಬರದಲ್ಲಿ ಇಲ್ಲಿಗೆ ಬಂದವರು. ಮೊದಲು ಓ’ಸುಲಿವನ್ ಆಗಿತ್ತಂತೆ, ಎಲ್ಲಿಸ್ ಐಲ್ಯಾಂಡಿನ ವಲಸಿಗರ ತಪಾಸಣೆ ಕಚೇರಿಯ ಗುಮಾಸ್ತ ಓ ಕಿತ್ತುಹಾಕಿದನಂತೆ. ಮಾರ್ಚ್ 17ಕ್ಕೆ, ಐರಿಷರ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ, ಹಸಿರು ಅಂಗಿ ತೊಟ್ಟು ಮೆರವಣಿಗೆಗೆ ಹೋಗುತ್ತೇವೆ. ಮನೆತನದ ಲಾಂಛನ ತಂದು ಗೋಡೆಗೆ ಹಾಕಿದ್ದೇವೆ. ಮಕ್ಕಳಿಗೆ ಇಷ್ಟು ಸಾಲದೇ?’

ಸಾಲದು ತಾಯಿ. ಮೆರವಣಿಗೆ ಬೇಡ ಅನ್ನುವಷ್ಟು ಒಣ ಮನುಷ್ಯ ನಾನಲ್ಲ. ಹೋಗಿ ಬನ್ನಿ, ಮಕ್ಕಳು ಕುಣಿಯಲಿ. ಆದರೆ ಆ ಬಡಪಾಯಿ ಗುಮಾಸ್ತನನ್ನು ಬಿಟ್ಟುಬಿಡಿ. ಆಲೂಗಡ್ಡೆ ಬೆಳೆ ಕೊಳೆತು ಬರ ಶುರುವಾದದ್ದು 1845ರಲ್ಲಿ. ಎಲ್ಲಿಸ್ ಐಲ್ಯಾಂಡ್ ಬಾಗಿಲು ತೆರೆದದ್ದು 1892ರಲ್ಲಿ, ಅದೂ ನ್ಯೂಯಾರ್ಕಿನಲ್ಲಿ! ಅಲ್ಲಿದ್ದವರೂ ಹಡಗಿನ ಪಟ್ಟಿಗೆ ಹೆಸರು ತಾಳೆ ನೋಡುತ್ತಿದ್ದರೇ ಹೊರತು ಯಾರಿಗೂ ಹೊಸದಾಗಿ ನಾಮಕರಣ ಮಾಡುತ್ತಿರಲಿಲ್ಲ. ಎಷ್ಟೋ ಮನೆತನಗಳ ಹೆಸರಿನ ಮುಂದಿದ್ದ ಓ, ಮ್ಯಾಕ್ ಉದುರಿದ್ದು ಐರ್ಲೆಂಡಿನಲ್ಲೇ, ಇಂಗ್ಲಿಷರ ಆಳ್ವಿಕೆಯಲ್ಲಿ. ಐರಿಷ್ ಭಾಷೆಯ ಪರ ನಿಂತಿದ್ದ ವಿದ್ವಾಂಸ ಡಗ್ಲಸ್ ಹೈಡ್ 1892ರಲ್ಲಿ ಡಬ್ಲಿನ್‌ನಲ್ಲಿ ಭಾಷಣ ಮಾಡಿ ಹಾಗೆ ಹೆಸರು ಬದಲಿಸಿಕೊಂಡವರಿಗೆ ಚೆನ್ನಾಗಿ ಬಿಸಿ ಮುಟ್ಟಿಸಿದರು. ಆಮೇಲೆ ಬಹಳ ಮಂದಿ ಓ ವಾಪಸ್ ಹಾಕಿಕೊಂಡರು. ಲಾಂಛನದ ವಿಷಯ ಜಾಸ್ತಿ ಹೇಳುವುದಿಲ್ಲ, ಅಂಗಡಿಯವನ ಹೊಟ್ಟೆಪಾಡು.

ನಿಜವಾದ ನಿಧಿ ನಿಮ್ಮೂರಿನಲ್ಲೇ ಇದೆ. ‘ಬಾಸ್ಟನ್ ಪೈಲಟ್’ ಪತ್ರಿಕೆ 1831ರಿಂದ ಸುಮಾರು 90 ವರ್ಷ, ಕಾಣೆಯಾದವರನ್ನು ಹುಡುಕುವ ಜಾಹೀರಾತು ಹಾಕುತ್ತಿತ್ತು. ಹೆಂಡತಿ ಗಂಡನನ್ನು ಹುಡುಕುತ್ತಾಳೆ, ಅಣ್ಣ ತಮ್ಮನನ್ನು. ಯಾವ ಕೌಂಟಿ (ಅಲ್ಲಿನ ಜಿಲ್ಲೆ), ಯಾವ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರುಕೇರಿ), ಯಾವಾಗ ಹಡಗು ಹತ್ತಿದ, ಕೊನೆಗೆ ಯಾವ ಊರಲ್ಲಿ ರೈಲು ಹಳಿ ಹಾಕುತ್ತಿದ್ದ, ಎಲ್ಲ ನಾಲ್ಕೇ ಸಾಲಲ್ಲಿ. ಸುಮ್ನೆ ಓದುತ್ತಾ ಕೂತರೂ ಗಂಟಲು ಕಟ್ಟುತ್ತದೆ. ನಿಮಗೆ ಬೇಕಿರುವುದು ಪ್ಯಾರಿಷ್ ಹೆಸರು. ಯಾಕಂದ್ರೆ ಕಾರ್ಕ್, ಕೆರ್ರಿ ಕಡೆ ಓ’ಸುಲಿವನ್‌ಗಳು ಬೀದಿಗೊಬ್ಬರು. ಹೆಸರು ಸಿಕ್ಕರೆ, ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಿಂದ ಕ್ಯಾಥೊಲಿಕ್ ಚರ್ಚುಗಳ ಹಳೇ ದೀಕ್ಷಾಸ್ನಾನ, ಮದುವೆ ದಾಖಲೆಗಳನ್ನು ಆನ್‌ಲೈನಿನಲ್ಲಿ ಪುಕ್ಕಟೆ ಇಟ್ಟಿದೆ.

ಚರ್ಚಿನ ಪುಸ್ತಕಗಳೇ ಗತಿ ಆಗಿರುವುದಕ್ಕೂ ಕಾರಣ ಇದೆ. 1922ರ ಜೂನ್ 30ರಂದು, ಅಂತರ್ಯುದ್ಧದ ನಡುವೆ, ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆ ಕಚೇರಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿ ಹಾಳೆಗಳು ಬಹುಪಾಲು ಅಲ್ಲೇ ಬೂದಿಯಾದವು. ಬೆಂಕಿಗಾದರೂ ಯುದ್ಧದ ನೆಪ ಇತ್ತು. ನನಗೆ ಸಿಟ್ಟು ಬರುವುದು 1881, 1891ರ ಹಾಳೆಗಳ ಕಥೆಗೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸರ್ಕಾರವೇ ಅವನ್ನು ರದ್ದಿಗೆ ಹಾಕಿತು!

ನಾವೇನು ಕಡಿಮೆಯೇ? ನಿಮ್ಮ ತವರಿನ ಕಡೆ ಹೆಳವರು ಎತ್ತು ಹೊಡೆದುಕೊಂಡು ಬಂದು, ಮನೆ ಮುಂದೆ ನಿಂತು ತಲೆಮಾರುಗಳ ಹೆಸರು ಒಪ್ಪಿಸುತ್ತಿದ್ದರು. ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು ಹೋಗುತ್ತಿದ್ದರು. ಈಗ ಗೇಟಿನಿಂದಲೇ ಹತ್ತು ರೂಪಾಯಿ ಕೊಟ್ಟು ‘ಮುಂದೆ ಹೋಗಪ್ಪಾ’ ಅನ್ನುತ್ತೇವೆ. ಆಮೇಲೆ ಅದೇ ಮನೆಯ ಹುಡುಗ ಸಾವಿರಾರು ರೂಪಾಯಿ ಸುರಿದು, ಡಿಎನ್‌ಎ ಪರೀಕ್ಷೆಗೆ ಶೀಶೆಯಲ್ಲಿ ಎಂಜಲು ತುಂಬಿ ಕಳಿಸಿ, ತನ್ನ ವಂಶ ಯಾವುದು ಅಂತ ಯಾವುದೋ ಕಂಪನಿಯನ್ನು ಕೇಳುತ್ತಾನೆ. ನಿಮ್ಮ ತವರಿಗೆ ಬರುತ್ತಿದ್ದ ಹೆಳವರು ಯಾವ ಊರಿನವರು ಅಂತ ಮನೆಯ ಹಿರಿಯರನ್ನು ವಿಚಾರಿಸಿ. ಗೊತ್ತಾದರೆ ನನಗೂ ಒಂದು ಸಾಲು ಬರೆಯಿರಿ.