30 ದಿನಗಳೊಳಗೆ ಬರೆಯಬೇಕಾದ ಪತ್ರ

ತಮ್ಮಾ, ನಿನ್ನ ಪತ್ರ ಬಂದಾಗ ನಾನು ರಜೆಯ ಮೇಲೆ ವಿಜಯಪುರದ ನಮ್ಮ ಮನೆಗೆ ಬಂದಿದ್ದೆ. ಈಗಲೂ ಅಂಗಳದ ಬೇವಿನ ಮರದ ಕೆಳಗೆ ಕುಳಿತೇ ಈ ಉತ್ತರ ಬರೆಯುತ್ತಿದ್ದೇನೆ. ಮುಧೋಳದಿಂದ ಇಂಗ್ಲೆಂಡಿನ ಕೊವೆಂಟ್ರಿಗೆ ಹೋಗಿ ನಾಲ್ಕು ತಿಂಗಳಾಗಿರುವ ನೀನು, ಅಲ್ಲಿಯ ಒಬ್ಬ ಡೀಲರನಿಗೆ 4,200 ಪೌಂಡ್ ಕೊಟ್ಟು 2014ರ ಡೀಸೆಲ್ ಕಾರೊಂದನ್ನು ಕೊಂಡಿರುವುದಾಗಿಯೂ, ಹತ್ತೊಂಬತ್ತನೆಯ ದಿನ ಇಂಜಿನ್ ದೀಪ ಹತ್ತಿ ಗಾಡಿಯ ಪಿಕಪ್ ಹೋಗಿರುವುದಾಗಿಯೂ, ಡೀಲರನು ‘ಮುಂದಿನ ವಾರ ತಂದು ತೋರಿಸು, ಆದರೆ ಇದು ವಾರಂಟಿಯಲ್ಲಿ ಬರುವುದಿಲ್ಲ’ ಎಂದು ಫೋನಿನಲ್ಲಿ ಹೇಳಿರುವುದಾಗಿಯೂ ಬರೆದಿರುವೆ. ಪರಿಚಯದ ಮಿಸ್ತ್ರಿಯೊಬ್ಬ ಕಡಿಮೆಯಲ್ಲಿ ಸರಿಮಾಡಿಕೊಡುತ್ತೇನೆ ಎನ್ನುತ್ತಿದ್ದಾನೆ, ಮಾಡಿಸಿಬಿಡಲೇ ಕಾಕಾ, ಎಂದು ಕೇಳಿರುವೆ.

ಮಾಡಿಸಬೇಡ. ಇಷ್ಟನ್ನು ಓದಿದ ಕೂಡಲೇ ಆ ಮಿಸ್ತ್ರಿಗೆ ಫೋನು ಮಾಡಿ ಬೇಡವೆಂದು ಹೇಳು. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ನೀನು ಕೇಳಿದ ಬೇರೆ ಪ್ರಶ್ನೆಗಳನ್ನು ಮೊದಲು ಮುಗಿಸಿಬಿಡುತ್ತೇನೆ. ಊರಿನ ಲೈಸೆನ್ಸಿನ ಮೇಲೆ ಅಲ್ಲಿ ನೆಲೆಸಿದಂದಿನಿಂದ 12 ತಿಂಗಳು ಮಾತ್ರ ಓಡಿಸಬಹುದು, ಆಮೇಲೆ ಅವರ ಪರೀಕ್ಷೆಯನ್ನೇ ಕೊಡಬೇಕು. ತಾರೀಖು ಸಿಗುವುದೇ ಕಷ್ಟವಾದ್ದರಿಂದ ಈಗಲೇ ಅರ್ಜಿ ಹಾಕು. ಡೀಲರನ ಮೇಲೆ ತಕರಾರು ಮಾಡಿದರೆ ವೀಸಾಕ್ಕೆ ತೊಂದರೆಯಾದೀತೇ ಎಂದರೆ, ಇಲ್ಲ, ಎರಡಕ್ಕೂ ಸಂಬಂಧವಿಲ್ಲ. ಈ ಹೆದರಿಕೆ ನನಗೂ ಇತ್ತು. ಜೋಳದ ಹಿಟ್ಟು ನಮ್ಮವರ ಅಂಗಡಿಗಳಲ್ಲಿ ಸಿಗುತ್ತದೆ, ಹಳೆಯದಾಗಿರುತ್ತದೆ, ರೊಟ್ಟಿ ಹರಿಯುತ್ತದೆ, ಎಸರು ಚೆನ್ನಾಗಿ ಕುದಿಸಿ ನಾದು.

ಇನ್ನು ಗಾಡಿಯ ವಿಷಯ. ನಾನು ಬರ್ಮಿಂಗ್‌ಹ್ಯಾಮಿಗೆ ಹೋದದ್ದು 2016ರ ಜನವರಿಯಲ್ಲಿ. ಊರಿನಲ್ಲಿ ಸಿದ್ಧೇಶ್ವರ ಜಾತ್ರೆ ನಡೆಯುತ್ತಿದ್ದ ವಾರವದು. ಇಲ್ಲಿ ಜನ ಎತ್ತುಗಳ ಹಲ್ಲು ಹಿಡಿದು ನೋಡಿ ವ್ಯಾಪಾರ ಕುದುರಿಸುತ್ತಿದ್ದಾಗ ನಾನು ಅಲ್ಲಿ ಹಿಮದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ರಾತ್ರಿ ಪಾಳಿಯ ಕೆಲಸಕ್ಕೆ ಬಸ್ಸು ಹೊಂದುತ್ತಿರಲಿಲ್ಲವಾದ್ದರಿಂದ ಆ ವರ್ಷದ ಅಕ್ಟೋಬರಿನಲ್ಲಿ, ದೀಪಾವಳಿಗೆ ಮುಂಚೆ, ಒಬ್ಬ ಡೀಲರನ ಬಳಿ ಏಳು ವರ್ಷದ ಡೀಸೆಲ್ ಗಾಡಿಯೊಂದನ್ನು ಕೊಂಡೆ. ಎತ್ತಿನ ಹಲ್ಲು ನೋಡುವ ಜಿಲ್ಲೆಯಲ್ಲಿ ಹುಟ್ಟಿದ ನಾನು ನೋಡಿದ್ದು ಬಣ್ಣ, ಸೀಟು ಮತ್ತು ಮೀಟರಿನ ಅಂಕಿಯನ್ನು ಮಾತ್ರ. ಊರಿನಲ್ಲಾಗಿದ್ದರೆ ಸೋಲಾಪುರ ರಸ್ತೆಯ ಗ್ಯಾರೇಜಿನಿಂದ ಗುರುತಿನ ಮಿಸ್ತ್ರಿಯನ್ನು ಹಿಂದೆ ಕೂರಿಸಿಕೊಂಡು ಹೋಗಿ, ಅವನು ತಲೆಯಾಡಿಸಿದ ಮೇಲೆಯೇ ಮುಂಗಡ ಕೊಡುತ್ತಿದ್ದೆ. ಅಲ್ಲಿ ಅಂಥವರು ಯಾರೂ ಇರಲಿಲ್ಲ. ಡೀಲರನು ಒಳ್ಳೆಯ ಮಾತಿನವನು. ಚಹ ಕೊಟ್ಟ, ಹೆಂಡತಿ ಮಕ್ಕಳ ಸುದ್ದಿ ಕೇಳಿದ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗ ನಗದೆ ಪಕ್ಕಕ್ಕೆ ನಿಂತ. ನನಗೆ ಅಷ್ಟೇ ಸಾಕಾಯಿತು.

ಡೀಸೆಲ್ ಏಕೆ ಕೊಂಡೆ ಎಂಬುದನ್ನೂ ಹೇಳಬೇಕು, ಏಕೆಂದರೆ ನೀನೂ ಅದೇ ಲೆಕ್ಕದಲ್ಲಿ ಕೊಂಡಿರುವಂತಿದೆ. ನಮ್ಮ ಕಡೆ ಡೀಸೆಲ್ ಎಂದರೆ ಉಳಿತಾಯ. ಅಲ್ಲಿ ಡೀಸೆಲ್ಲಿನ ದರ ಸಾಮಾನ್ಯವಾಗಿ ಪೆಟ್ರೋಲಿಗಿಂತ ಹೆಚ್ಚೇ ಇರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಸೈಲೆನ್ಸರಿನ ಕೊಳವೆಯೊಳಗೆ ಕೂತಿರುತ್ತದೆ. ಅದಕ್ಕೆ ಡಿಪಿಎಫ್ ಎನ್ನುತ್ತಾರೆ. ಇಂಜಿನ್ ಉಗುಳುವ ಮಸಿಯನ್ನು ಹಿಡಿದಿಟ್ಟುಕೊಳ್ಳುವ ಜರಡಿ ಅದು. ಗಾಡಿ ಹೆದ್ದಾರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ ಓಡಿ ಸುಮಾರು 600 ಡಿಗ್ರಿ ಶಾಖವೇರಿದಾಗ ಮಾತ್ರ ಆ ಮಸಿ ಸುಟ್ಟು ಜರಡಿ ತೆರವಾಗುತ್ತದೆ. ನನ್ನ ಮನೆಯಿಂದ ಕೆಲಸಕ್ಕೆ ನಾಲ್ಕೇ ಮೈಲಿ. ಇಂಜಿನ್ ಬಿಸಿಯಾಗುವಷ್ಟರಲ್ಲಿ ಗಾಡಿ ನಿಲ್ಲಿಸುತ್ತಿದ್ದೆ. ನಮ್ಮ ದೇಶದಲ್ಲಿ 2020ರ ಏಪ್ರಿಲಿನಲ್ಲಿ ಬಿಎಸ್ 6 ಎಂಬ ಹೊಗೆಯ ನಿಯಮ ಬಂದ ಮೇಲೆಯೇ ಈ ಜರಡಿ ಎಲ್ಲರ ಡೀಸೆಲ್ ಗಾಡಿಗೂ ಬಂದದ್ದು. 2016ರಲ್ಲಿ ಅದರ ಹೆಸರನ್ನೂ ನಾನು ಕೇಳಿರಲಿಲ್ಲ.

ಹನ್ನೊಂದನೆಯ ದಿನ ದೀಪ ಹತ್ತಿತು. ಡೀಲರನ ಬಳಿ ಹೋದೆ. ಅವನು ಅಂಗೈಯಗಲದ ಯಂತ್ರವೊಂದನ್ನು ಸ್ಟೇರಿಂಗಿನ ಕೆಳಗೆ ಚುಚ್ಚಿ ದೀಪ ಆರಿಸಿ, ಚಹ ಕೊಟ್ಟು ಕಳಿಸಿದ. ಮೂರು ದಿನಕ್ಕೆ ಮತ್ತೆ ಹತ್ತಿತು, ಮತ್ತೆ ಹೋದೆ, ಮತ್ತೆ ಚಹ. ಹೀಗೆ ಮೂರು ಸಲವಾಯಿತು. ಪ್ರತಿ ಸಲವೂ ಹಿಂತಿರುಗಿ ಬರುವಾಗ, ಒಂದು ಸಾಲು ಬರೆದು ಕೊಡು ಎಂದು ಕೇಳಬೇಕಾಗಿತ್ತಲ್ಲವೇ ಎಂದು ಅನ್ನಿಸುತ್ತಿತ್ತು, ಪ್ರತಿ ಸಲವೂ ಬಾಯಿ ಬರುತ್ತಿರಲಿಲ್ಲ. ಇದಕ್ಕೆ ನಮ್ಮ ಕಡೆ ಒಂದು ಮಾತಿದೆ, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ: ಭಿಡೆ. ಚಹ ಕುಡಿಸಿದವನ ಮುಂದೆ ಕಾಗದ ಕೇಳುವುದು ಹೇಗೆ, ಅವನ ಮೇಲೆ ನಂಬಿಕೆಯಿಲ್ಲವೆಂದು ಮುಖಕ್ಕೆ ಹೇಳಿದಂತಾಗುವುದಿಲ್ಲವೇ? ಊರಿನಲ್ಲಿ ಈ ಭಿಡೆಗೆ ಬೆಲೆಯಿದೆ, ಏಕೆಂದರೆ ಎದುರಿಗಿರುವವನಿಗೂ ಅದು ಇರುತ್ತದೆ. ಅದು ಕೆಟ್ಟರೆ ನಾಲ್ಕು ಹಿರಿಯರು ಕೂತು ಹೇಳುತ್ತಾರೆ. ಅಲ್ಲಿ ನಾನೊಬ್ಬನೇ ಭಿಡೆ ಹಿಡಿದು ಕೂತಿದ್ದೆ, ದಿನಗಳು ಎಣಿಕೆಯಾಗುತ್ತಿದ್ದವು, ಎಣಿಸಬೇಕೆಂಬುದೇ ನನಗೆ ಗೊತ್ತಿರಲಿಲ್ಲ.

ನಲವತ್ತೊಂದನೆಯ ದಿನ ಎಂ6 ಹೆದ್ದಾರಿಯಲ್ಲಿ ಗಾಡಿ ಎಳೆಯುವುದನ್ನೇ ಬಿಟ್ಟಿತು. ಹತ್ತಿರದ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ, ಹೆದರಿಕೆಯಲ್ಲಿ, ಅವರು ಹೇಳಿದ್ದಕ್ಕೆಲ್ಲ ಹೂಂ ಎಂದು, ಜರಡಿಯನ್ನೂ ಇಂಜಿನ್ನಿಗೆ ಗಾಳಿ ನೂಕುವ ಟರ್ಬೊವನ್ನೂ ಬದಲಾಯಿಸಿ 1,140 ಪೌಂಡ್ ಕೊಟ್ಟೆ. ಹಳೆಯ ಸಾಮಾನು ಗುಜರಿಗೆ ಹೋಯಿತು. ಬಿಲ್ಲು ಹಿಡಿದು ಡೀಲರನ ಬಳಿ ಹೋದಾಗ ಅವನು ಆ ದಿನವೂ ಸಿಟ್ಟಾಗಲಿಲ್ಲ. ‘ಬೇರೆಯವರು ಬಿಚ್ಚಿದ ಗಾಡಿಗೆ ನಾನು ಹೇಗೆ ಜವಾಬ್ದಾರ?’ ಎಂದ, ಅಷ್ಟೇ. ಸಿಟಿಜನ್ಸ್ ಅಡ್ವೈಸ್ ಎಂಬ ಉಚಿತ ಸಲಹೆಯ ಸಂಸ್ಥೆಗೆ ಫೋನು ಮಾಡಿದೆ. ಫೋನೆತ್ತಿದ ಹೆಣ್ಣುಮಗಳು ಬಹಳ ಸಮಾಧಾನದಿಂದ ಎಲ್ಲವನ್ನೂ ಕೇಳಿ, ನಿಮ್ಮ ಬಳಿ ಬರವಣಿಗೆಯಲ್ಲಿ ಏನಿದೆ ಎಂದು ಕೇಳಿದಳು. ಏನೂ ಇರಲಿಲ್ಲ. ಹಕ್ಕು ನನ್ನದಾಗಿತ್ತು, ಪುರಾವೆಯನ್ನು ನಾನೇ ದುಡ್ಡು ಕೊಟ್ಟು ಗುಜರಿಗೆ ಹಾಕಿಸಿದ್ದೆ.

ಆ ಹಕ್ಕು ಏನೆಂಬುದನ್ನು ಈಗ ಕೇಳು. 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಅಲ್ಲಿಯ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ, ಡೀಲರನಿಂದ ಕೊಂಡ ವಸ್ತು ಹಳೆಯದಾದರೂ ಅದರ ವಯಸ್ಸು, ಬೆಲೆ, ಓಡಿದ ಮೈಲಿಗಳಿಗೆ ತಕ್ಕ ಗುಣಮಟ್ಟದ್ದಾಗಿರಬೇಕು. ಹಾಗಿಲ್ಲದಿದ್ದರೆ, ಗಾಡಿ ಕೈಗೆ ಬಂದ ಮರುದಿನದಿಂದ 30 ದಿನಗಳೊಳಗೆ ಅದನ್ನು ತಿರಸ್ಕರಿಸಿ ಪೂರ್ತಿ ಹಣ ವಾಪಸು ಕೇಳಬಹುದು. ಆದರೆ ದೋಷ ಮೊದಲೇ ಇತ್ತೆಂದು ತೋರಿಸುವ ಹೊಣೆ ಆಗ ನಿನ್ನದು. 30 ದಿನ ದಾಟಿದರೂ ಆರು ತಿಂಗಳೊಳಗಿದ್ದರೆ ದೋಷ ಮೊದಲೇ ಇತ್ತೆಂದು ಕಾಯ್ದೆಯೇ ಭಾವಿಸುತ್ತದೆ, ಇರಲಿಲ್ಲವೆಂದು ಸಾಬೀತು ಮಾಡಬೇಕಾದವನು ಡೀಲರ್. ಆದರೆ ಆಗ ಅವನಿಗೆ ಒಂದು ಸಲ ತನ್ನ ಖರ್ಚಿನಲ್ಲಿ ರಿಪೇರಿ ಮಾಡುವ ಅವಕಾಶ ಕೊಡಬೇಕು. ಆ ರಿಪೇರಿಯೂ ನಿಲ್ಲದಿದ್ದರೆ ಬೆಲೆ ಇಳಿಸಲು ಹೇಳಬಹುದು, ಇಲ್ಲವೇ ಗಾಡಿ ತಿರುಗಿಸಬಹುದು, ಓಡಿಸಿದ ಮಟ್ಟಿಗೆ ಸ್ವಲ್ಪ ಹಣ ಮುರಿದುಕೊಳ್ಳುತ್ತಾರೆ. ನಾನು ಮೂರು ಸಲ ಚಹ ಕುಡಿದು ಕಳೆದದ್ದು ಮೊದಲನೆಯದನ್ನು, ಬೇರೆ ಗ್ಯಾರೇಜಿನಲ್ಲಿ ಬಿಚ್ಚಿಸಿ ಕಳೆದದ್ದು ಎರಡನೆಯದನ್ನು. ನಿನ್ನ ಡೀಲರನು ಹೇಳುವ ವಾರಂಟಿ ಈ ಕಾಯ್ದೆಯ ಮೇಲಿನ ಹೆಚ್ಚುವರಿ ಸೌಲಭ್ಯ ಮಾತ್ರ. ವಾರಂಟಿಯಲ್ಲಿ ಬರುವುದಿಲ್ಲ ಎಂದ ಮಾತ್ರಕ್ಕೆ ಕಾಯ್ದೆಯಿಂದ ಅವನು ಪಾರಾಗುವುದಿಲ್ಲ. ರಸೀದಿಯ ಮೇಲೆ ‘ಕಂಡಂತೆ ಮಾರಲಾಗಿದೆ’ ಎಂದು ಬರೆಸಿಕೊಂಡಿದ್ದರೂ ಅಷ್ಟೇ.

ನೀನು ಬರೆದ ದಿನ ಹತ್ತೊಂಬತ್ತು, ಇಂದಿಗೆ ಇಪ್ಪತ್ತೊಂದು. ಒಂಬತ್ತು ದಿನ ಉಳಿದಿವೆ. ಗಾಡಿ ಕೆಟ್ಟರೆ ನೆರವಿಗೆ ಬರುವ ಸಂಸ್ಥೆಗಳಾದ ಎಎ ಅಥವಾ ಆರ್‌ಎಸಿಯವರನ್ನೋ, ಡೀಲರನಿಗೆ ಸಂಬಂಧವಿಲ್ಲದ ಒಬ್ಬ ಪರಿಣತನನ್ನೋ ಕರೆಸಿ ಗಾಡಿ ತಪಾಸಣೆ ಮಾಡಿಸಿ ಬರವಣಿಗೆಯಲ್ಲಿ ವರದಿ ಪಡೆ. ನಮ್ಮಲ್ಲಿ ಪಂಚನಾಮೆ ಮಾಡಿಸುತ್ತೇವಲ್ಲ, ಹಾಗೆಂದು ತಿಳಿ. ಅದರಲ್ಲಿ ಗಾಡಿಯ ಕಂಪ್ಯೂಟರು ದಾಖಲಿಸಿದ ದೋಷದ ಕೋಡು, ತಾರೀಖು, ಮೈಲಿ ಇರಲಿ. ಮಾರುವ ಮುಂಚೆ ಯಾರಾದರೂ ಹಳೆಯ ಕೋಡುಗಳನ್ನು ಅಳಿಸಿದ್ದರೆ ಗಾಡಿಯ ಸ್ವಯಂ ಪರೀಕ್ಷೆಗಳು ಮುಗಿಯದೆ ಉಳಿದಿರುವುದು ಕೆಲವು ದಿನ ಯಂತ್ರದಲ್ಲಿ ಕಾಣುತ್ತದೆ, ಅದನ್ನೂ ಕೇಳು. ನಿನ್ನ ಸಣ್ಣ ಓಡಾಟದಿಂದಲೇ ಜರಡಿ ಕಟ್ಟಿತು ಎಂದು ಡೀಲರನು ಖಂಡಿತ ವಾದಿಸುತ್ತಾನೆ. ಹತ್ತೊಂಬತ್ತು ದಿನದಲ್ಲಿ ಎಷ್ಟು ಮಸಿ ಸೇರಲು ಸಾಧ್ಯ ಎಂಬುದಕ್ಕೆ ಉತ್ತರ ಕೊಡಬೇಕಾದದ್ದು ಆ ವರದಿಯೇ. ಗಾಡಿಯ ನಂಬರು ಹಾಕಿದರೆ ಸರ್ಕಾರದ ತಾಣದಲ್ಲಿ ಎಂಒಟಿ ಎಂಬ ಕಡ್ಡಾಯ ವಾರ್ಷಿಕ ತಪಾಸಣೆಯ ಹಿಂದಿನ ವರ್ಷಗಳ ಚರಿತ್ರೆ ಪುಕ್ಕಟೆ ಸಿಗುತ್ತದೆ, ಅದನ್ನೂ ತೆಗೆದಿಟ್ಟುಕೊ. ಆದರೆ ಎಂಒಟಿ ಪಾಸಾಗಿದೆ ಎಂಬ ಸಮಾಧಾನ ಬೇಡ, ಇಂಜಿನ್ ಒಳಗೆ ಹೇಗಿದೆ, ಕ್ಲಚ್ಚು ಗೇರುಬಾಕ್ಸು ಹೇಗಿವೆ ಎಂಬುದನ್ನು ಅದರಲ್ಲಿ ನೋಡುವುದಿಲ್ಲ.

ವರದಿ ಬಂದ ದಿನವೇ ಡೀಲರನಿಗೆ ಇಮೇಲ್ ಬರೆ. ಅದರಲ್ಲಿ ‘ದಯವಿಟ್ಟು ನೋಡಿ’, ‘ಸಾಧ್ಯವಾದರೆ’ ಎಂಬ ನಮ್ಮ ಮಾತುಗಳು ಬೇಡ. ಕಾಯ್ದೆಯ ಹೆಸರು ಹೇಳಿ, ಗಾಡಿಯನ್ನು ರಿಜೆಕ್ಟ್ ಮಾಡುತ್ತಿದ್ದೇನೆ ಎಂದು ಅದೇ ಶಬ್ದದಲ್ಲಿ ಬರೆ. ಅಂದಿನಿಂದ ಗಾಡಿ ಓಡಿಸಬೇಡ. ಅವನು ಒಪ್ಪಿದ ಮೇಲೆ 14 ದಿನಗಳೊಳಗೆ ಹಣ ಕೊಡಬೇಕು. ಒಂದು ವೇಳೆ ನೀನು ರಿಪೇರಿಗೆ ಒಪ್ಪಿದರೆ ಆ ದಿನಗಳು 30ರ ಲೆಕ್ಕದಿಂದ ಹೊರಗುಳಿಯುತ್ತವೆ, ಗಾಡಿ ವಾಪಸು ಬಂದ ಮೇಲೆ ಕನಿಷ್ಠ ಏಳು ದಿನ ಸಿಗುತ್ತವೆ. ಆದರೆ ಒಪ್ಪಿದ್ದೂ ತಾರೀಖೂ ಬರವಣಿಗೆಯಲ್ಲಿರಬೇಕು. ನನ್ನನ್ನು ಕೇಳಿದರೆ ತಿರುಗಿಸಿಬಿಡು. 2014ರ ಡೀಸೆಲ್ ಗಾಡಿ ಯೂರೋ 6 ಎಂಬ ಹೊಗೆಯ ನಿಯಮಕ್ಕೆ ಹೊಂದುವುದು ಅಪರೂಪ, ಹಾಗಿಲ್ಲದ ಡೀಸೆಲ್ ಗಾಡಿ ಬರ್ಮಿಂಗ್‌ಹ್ಯಾಮಿನ ನಡು ಊರಿಗೆ ಬಂದರೆ 2021ರಿಂದ ದಿನಕ್ಕೆ 8 ಪೌಂಡ್ ತೆರಬೇಕು, ನಮ್ಮ ಮನೆಗೆ ಊಟಕ್ಕೆ ಬರುವುದೂ ನಿನಗೆ ತುಟ್ಟಿಯಾದೀತು.

ಹಣ ಹೇಗೆ ಕೊಟ್ಟೆ ಎಂಬುದನ್ನು ನೀನು ಬರೆದಿಲ್ಲ. 4,200ರಲ್ಲಿ ಮುಂಗಡದ ಒಂದು ಸಣ್ಣ ಭಾಗವನ್ನಾದರೂ ಕ್ರೆಡಿಟ್ ಕಾರ್ಡಿನಿಂದ ಕೊಟ್ಟಿದ್ದರೆ, 1974ರ ಗ್ರಾಹಕ ಸಾಲ ಕಾಯ್ದೆಯ 75ನೆಯ ಕಲಮಿನ ಪ್ರಕಾರ ಕಾರ್ಡು ಕೊಟ್ಟ ಬ್ಯಾಂಕೂ ಡೀಲರನಷ್ಟೇ ಹೊಣೆಗಾರ, ನೇರವಾಗಿ ಅವರನ್ನೇ ಕೇಳಬಹುದು. ಅದಾವುದೂ ನಡೆಯದಿದ್ದರೆ 10,000 ಪೌಂಡ್‌ವರೆಗಿನ ವ್ಯಾಜ್ಯವನ್ನು ವಕೀಲರಿಲ್ಲದೆ ಸ್ಮಾಲ್ ಕ್ಲೇಮ್ಸ್ ಎಂಬ ಸಣ್ಣ ದಾವೆಗಳ ಕೋರ್ಟಿನಲ್ಲಿ ಹಾಕಬಹುದು. ಅಲ್ಲಿಯವರೆಗೆ ಹೋಗಬೇಕಾಗದಿರಲಿ.

ನನಗೆ 1,140 ಪೌಂಡಿನ ನೋವು ಈಗ ಉಳಿದಿಲ್ಲ. ಉಳಿದಿರುವುದು ಬೇರೆ. ನಮ್ಮಪ್ಪ 31 ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಗೇಟಿನಲ್ಲಿ ಬಸ್ಸು ತಿರುಗುವಾಗಲೇ ಸಪ್ಪಳ ಕೇಳಿ ಯಾವ ಬೇರಿಂಗ್ ಹೋಗಿದೆ ಎನ್ನುತ್ತಿದ್ದರು. ನಾನು ಗಾಡಿ ಕೊಂಡ ವಾರ ಫೋನಿನಲ್ಲಿ ‘ಬಾನೆಟ್ ಎತ್ತಿ ಫೋನ್ ಹತ್ರ ಹಿಡಿ, ಸಪ್ಪಳ ಕೇಳ್ತೀನಿ’ ಎಂದರು. ಹಿಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಏನೋ ಸಿಳ್ಳೆ ಹೊಡದಂಗ ಕೇಳಸ್ತದಲ್ಲೋ’ ಎಂದರು. ಟರ್ಬೊ ಅಪ್ಪಾ, ಇಲ್ಲಿಯ ಗಾಡಿಗಳೇ ಹೀಗೆ, ಎಂದು ನಾನು ಅವರಿಗೇ ಪಾಠ ಹೇಳಿದೆ. ಆಮೇಲೆ ಅವರು ಗಾಡಿಯ ಸುದ್ದಿ ಕೇಳಿದಾಗಲೆಲ್ಲ ಚೆನ್ನಾಗಿದೆ ಎಂದೆ. ದೀಪ ಹತ್ತಿದ್ದನ್ನೂ ಹೇಳಲಿಲ್ಲ, ಎಂ6ನಲ್ಲಿ ನಿಂತದ್ದನ್ನೂ ಹೇಳಲಿಲ್ಲ. ಪರದೇಶಕ್ಕೆ ಹೋದ ಮಗ ಮೋಸ ಹೋದ ಎಂಬುದು ಡಿಪೋದವರ ಕಿವಿಗೆ ಬೀಳಬಾರದಾಗಿತ್ತು. ನಾಲ್ಕು ವರ್ಷದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ. ಆಗಲೇ ಹೇಳಿದ್ದರೆ ನೀವು ಇಲ್ಲಿಂದ ಏನು ಮಾಡಲು ಆಗುತ್ತಿತ್ತು ಎಂದು ನಾನೇ ಕೇಳಿದೆ. ‘ಏನೂ ಮಾಡತಿರಲಿಲ್ಲ. ಕೇಳತಿದ್ದೆ’ ಎಂದು, ಕೈ ತೊಳೆಯಲು ಎದ್ದು ಹೋದರು.

ಆದ್ದರಿಂದ ನಿನ್ನ ಪತ್ರವನ್ನು ಈ ಸಲ ಅವರಿಗೆ ಓದಿ ಹೇಳಿದ್ದೇನೆ, ನೀನು ತಪ್ಪು ತಿಳಿಯಬೇಡ. ಅವರ ಕೈಕೆಳಗೆ ಕಲಿತ ಹುಡುಗರು ಈಗ ಬಿಎಸ್ 6 ಗಾಡಿಗಳನ್ನೇ ಬಿಚ್ಚುತ್ತಾರೆ. ಜರಡಿಯ ವಿಷಯ ನನಗಿಂತ ಅವರಿಗೇ ಹೆಚ್ಚು ತಿಳಿದಿದೆ. ಗಾಡಿ ಪೂರ್ತಿ ತಣ್ಣಗಿರುವಾಗ ಬಿಳಿ ಅರಿವೆಯನ್ನು ಬೆರಳಿಗೆ ಸುತ್ತಿ ಸೈಲೆನ್ಸರಿನ ಬಾಯಿಯ ಒಳಗೆ ಒರೆಸಿ ನೋಡಬೇಕಂತೆ: ಜರಡಿ ನೆಟ್ಟಗಿರುವ ಗಾಡಿಯಲ್ಲಿ ಅರಿವೆಗೆ ಮಸಿ ಹತ್ತುವುದಿಲ್ಲ, ಕಪ್ಪಗೆ ಹತ್ತಿದರೆ ಜರಡಿ ಒಡೆದಿರಬೇಕು ಅಥವಾ ಯಾರೋ ಮೊದಲೇ ತೆಗೆದಿರಬೇಕು. ಅರಿವೆಯ ಫೋಟೊ ತೆಗೆದು ತಪಾಸಣೆಯವನಿಗೂ ತೋರಿಸು, ನಮಗೂ ಕಳಿಸು. ಇಂಜಿನ್ ಸಪ್ಪಳವನ್ನೂ ಅರ್ಧ ನಿಮಿಷ ರೆಕಾರ್ಡ್ ಮಾಡಿ ಕಳಿಸಬೇಕೆಂದು ಅಪ್ಪ ಹೇಳುತ್ತಿದ್ದಾರೆ. ಸಂಜೆ ಆರರೊಳಗೆ ಕಳಿಸು, ಆಮೇಲೆ ಅವರು ಗುಡಿಗೆ ಹೋಗುತ್ತಾರೆ.