ಮೈ ಬೆಳೆಸೋದು ಬೇರೆ, ಭಾರ ಎತ್ತೋದು ಬೇರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, ಕೇಳಿರೋ ರೀತಿ ಬೇರೆ ಅಷ್ಟೇ. ಅದಕ್ಕೆ ಈ ಸಲ ಅದಕ್ಕೇ ಜಾಸ್ತಿ ಜಾಗ, ಉಳಿದವಕ್ಕೆ ಒಂದೊಂದು ಮಾತು. ಸೆಟ್ ಅಂದ್ರೇನು, ರೆಪ್ಸ್ ಅಂದ್ರೇನು, ವಾರ್ಮ್‌ಅಪ್ ಯಾಕೆ ಅನ್ನೋದನ್ನೆಲ್ಲ ಇಲ್ಲಿ ಹೇಳ್ತಾ ಕೂರಲ್ಲ.

ಪ್ರಶ್ನೆ: ಸರ್, ನನಗೆ 24 ವರ್ಷ, ತೂಕ 78 ಕೆಜಿ. ಎರಡು ವರ್ಷದಿಂದ ಜಿಮ್‌ಗೆ ಹೋಗ್ತಿದೀನಿ, ಎದೆ ತೋಳು ಚೆನ್ನಾಗಿ ಬಂದಿದೆ. ನಮ್ಮ ಜಿಮ್‌ಗೆ ಒಬ್ಬ ಹುಡುಗ ಬರ್ತಾನೆ, 62 ಕೆಜಿ, ನೋಡೋಕೆ ಸಣ್ಣಗಿದ್ದಾನೆ, ಆದ್ರೆ ಡೆಡ್‌ಲಿಫ್ಟ್ (ನೆಲದ ಮೇಲಿಂದ ಬಾರ್ ಎತ್ತಿ ನಿಲ್ಲೋದು) 170 ಕೆಜಿ ಎತ್ತುತ್ತಾನೆ. ನಂದು 120ಕ್ಕೇ ನಿಂತಿದೆ. ನಿಂದು ಬರೀ ನೀರು ತುಂಬಿದ ಮಸಲ್, ಅವನದೇ ನಿಜವಾದ ಮಸಲ್ ಅಂತ ಟ್ರೇನರ್ ಹೇಳಿದ್ರು. ಈಗ 8-12 ರೆಪ್ಸ್ ಬಿಟ್ಟು ಬರೀ 1-3 ರೆಪ್ಸ್ ಶುರು ಮಾಡಿದೀನಿ, ಪ್ರತಿ ಭಾನುವಾರ ಮ್ಯಾಕ್ಸ್ (ಒಂದೇ ಒಂದು ಸಲ ಎತ್ತೋಕಾಗೋ ಅತಿ ಹೆಚ್ಚು ಭಾರ) ಹೊಡೀತೀನಿ. ಸರೀನಾ?

ಸರಿಯಿಲ್ಲ.

ಮೊದಲು ಆ "ನೀರು ತುಂಬಿದ ಮಸಲ್" ಅನ್ನೋ ಮಾತು ತಲೆಯಿಂದ ತೆಗೆದುಹಾಕಿ. ವರ್ಷಗಟ್ಟಲೆಯಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಯಾರ ಮಸಲ್ ತಗೊಂಡ್ರೂ ಮುಕ್ಕಾಲು ಭಾಗ ನೀರೇ ಇರೋದು, ನಿಮ್ಮದೂ ಅಷ್ಟೇ, ಆ ಹುಡುಗನದೂ ಅಷ್ಟೇ, ಒಲಿಂಪಿಕ್ಸ್‌ಗೆ ಹೋಗೋರದೂ ಅಷ್ಟೇ. ಎರಡು ವರ್ಷ ಬೆವರು ಸುರಿಸಿ ಬೆಳೆಸಿದ ಮೈನ ಸುಳ್ಳು ಮೈ ಅಂತ ಹೇಳೋಕೆ ಆ ಟ್ರೇನರ್‌ಗೆ ಬಾಯಾದ್ರೂ ಹೇಗೆ ಬಂತೋ ಗೊತ್ತಿಲ್ಲ.

ವಿಷಯ ಏನಂದ್ರೆ, ತೇರು ಎಳೆಯೋದು ನೋಡಿದೀರಲ್ಲ, ಹಗ್ಗಕ್ಕೆ ಎಷ್ಟು ಜನ ಕೈ ಹಾಕಿದಾರೆ ಅನ್ನೋದು ಒಂದು, ಅಷ್ಟೂ ಜನ ಒಂದೇ ಕೂಗಿಗೆ ಒಟ್ಟಿಗೆ ಎಳೀತಾರಾ ಅನ್ನೋದು ಇನ್ನೊಂದು. ಮಸಲ್ ಸೈಜ್ ಅಂದ್ರೆ ಹಗ್ಗ ಹಿಡಿದಿರೋ ಜನ. ಕೂಗು ಹಾಕೋದು ನರ. ಒಂದೊಂದು ನರದ ಕೈಕೆಳಗೆ ಒಂದಿಷ್ಟು ಮಸಲ್ ಎಳೆಗಳಿರ್ತವೆ, ಹಗುರ ಕೆಲಸಕ್ಕೆ ಸಣ್ಣ ಗುಂಪುಗಳು ಮಾತ್ರ ಏಳ್ತವೆ, ದೊಡ್ಡ ಗುಂಪುಗಳು ಎದ್ದೇಳೋದು ಭಾರ ಜಾಸ್ತಿ ಆದಾಗ, ಇಲ್ಲಾಂದ್ರೆ ಸಣ್ಣವು ಸುಸ್ತಾಗಿ ಕೈಬಿಟ್ಟಾಗ. ಹೆವಿ ಟ್ರೇನಿಂಗ್‌ನಲ್ಲಿ ನರ ಕಲಿಯೋದು ಇದನ್ನೇ: ಎಲ್ಲ ಗುಂಪನ್ನೂ ಬೇಗ ಎಬ್ಬಿಸೋದು, ಎದುರು ದಿಕ್ಕಿಗೆ ಎಳೆಯೋ ಮಸಲ್‌ನ ಸುಮ್ಮನಿರಿಸೋದು, ಸೊಂಟ ಬೆನ್ನು ಕಾಲು ಯಾವುದು ಯಾವಾಗ ಕೆಲಸ ಮಾಡ್ಬೇಕು ಅಂತ ಹೊಂದಿಸೋದು. ಹೊಸಬರಿಗೆ ಮೊದಲ ಒಂದೆರಡು ತಿಂಗಳಲ್ಲಿ ಭಾರ ಸರಸರ ಏರುತ್ತಲ್ಲ, ಕನ್ನಡೀಲಿ ಏನೂ ಕಾಣಲ್ಲ, ಅದು ಬಹುಪಾಲು ನರದ ಕೆಲಸ.

ಮತ್ತೆ ಬಲ ಬರೋದು ಯಾವ ಕೆಲಸ ರೂಢಿ ಮಾಡಿರ್ತೀವೋ ಆ ಕೆಲಸಕ್ಕೆ. ಎಪಿಎಂಸಿ ಯಾರ್ಡ್‌ನಲ್ಲಿ ಹಮಾಲಿ ಮಾಡೋರು ಸಣ್ಣಕಲು ಮೈಯಲ್ಲೇ ತಮ್ಮ ತೂಕಕ್ಕಿಂತ ಜಾಸ್ತಿ ಇರೋ ಚೀಲ ಬೆನ್ನಿಗೆ ಹಾಕೊಂಡು ಹಲಗೆ ಮೇಲೆ ನಡೆದು ಲಾರಿ ಹತ್ತೋದನ್ನ ನಾನು ನೋಡಿದೀನಿ, ಅಂಥವರಲ್ಲೊಬ್ಬರು ನನ್ನ ಹತ್ರ ಬಂದಾಗ 40 ಕೆಜಿ ಬೆಂಚ್ ಪ್ರೆಸ್‌ಗೆ ಬಾರ್ ಅಲುಗಾಡ್ತಿತ್ತು. ಬಲ ಇಲ್ಲದೇ ಅಲ್ಲ, ಆ ಕೆಲಸ ಅವರ ಮೈಗೆ ಗೊತ್ತಿಲ್ಲ. ನಿಮ್ಮ ಜಿಮ್‌ನ ಹುಡುಗ ಡೆಡ್‌ಲಿಫ್ಟ್‌ನ ಎಷ್ಟು ದಿನದಿಂದ ಮಾಡ್ತಿದಾನೆ ಕೇಳಿ ನೋಡಿ. ಅವನ ಕೈ ಉದ್ದ ಇದ್ದರಂತೂ ಬಾರ್ ಮೇಲೆ ಬರಬೇಕಾದ ದೂರವೇ ಕಡಿಮೆ.

ಹಾಗಂತ ಸೈಜ್‌ನಿಂದ ಉಪಯೋಗ ಇಲ್ಲ ಅಂತ ಅಲ್ಲ, ಅದಕ್ಕೇ ವೇಯ್ಟ್‌ಲಿಫ್ಟಿಂಗ್‌ನಲ್ಲಿ ತೂಕದ ಕ್ಲಾಸ್ ಮಾಡಿರೋದು. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ 56 ಕೆಜಿ ಕ್ಲಾಸಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ತಂದ್ರು, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆಜಿ ಕ್ಲಾಸಲ್ಲಿ 269 ಎತ್ತಿ ಕಂಚು. ನಾಲ್ಕು ವರ್ಷದ ಅಭ್ಯಾಸವೂ ಅದರಲ್ಲಿದೆ, ಮೈಮೇಲೆ ಬಂದ ಕೆಜಿಗಳೂ ಇವೆ. ನಿಮಗೆ ಮೈ ಆಗಲೇ ಇದೆ, ಕೂಗು ಕಲಿಸಬೇಕು ಅಷ್ಟೇ. ಇಲ್ಲಿಂದ ಮುಂದೆ ಆ 62 ಕೆಜಿ ಹುಡುಗನಿಗಿಂತ ನಿಮಗೇ ದಾರಿ ಸಲೀಸು.

ಈಗ ನೀವು ಬಿಟ್ಟಿರೋ 8-12 ರೆಪ್ಸ್ ಬಗ್ಗೆ. 2014ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ಅನ್ನೋ ಅಮೆರಿಕದ ಸಂಶೋಧಕರ ತಂಡ ಟ್ರೇನಿಂಗ್ ಅಭ್ಯಾಸ ಇದ್ದ ಹುಡುಗರನ್ನೇ ಎರಡು ಗುಂಪು ಮಾಡಿ 8 ವಾರ ನೋಡಿದ್ರು, ಒಂದು ಗುಂಪು ಹೆವಿ ಭಾರದಲ್ಲಿ 7 ಸೆಟ್ 3 ರೆಪ್ಸ್, ಇನ್ನೊಂದು 3 ಸೆಟ್ 10 ರೆಪ್ಸ್. ಬೈಸೆಪ್ಸ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಬೆಳೀತು. ಬೆಂಚ್ ಪ್ರೆಸ್ ಮ್ಯಾಕ್ಸ್ ಮಾತ್ರ ಹೆವಿ ಗುಂಪಿಗೆ ಜಾಸ್ತಿ ಏರ್ತು. ಆದ್ರೆ ಅದಕ್ಕೆ ಬಿದ್ದ ಟೈಮ್ ನೋಡಿ, 10 ರೆಪ್ಸ್ ಗುಂಪು ಸುಮಾರು 17 ನಿಮಿಷಕ್ಕೆ ಮುಗಿಸ್ತಿತ್ತು, ಹೆವಿ ಗುಂಪಿಗೆ 70 ನಿಮಿಷ ಬೇಕಾಗ್ತಿತ್ತು, ಮೇಲೆ ಕೀಲು ನೋವು, ಸುಸ್ತು. ಮುಂದಿನ ವರ್ಷ ಅವರದೇ ತಂಡ 25-35 ರೆಪ್ಸ್ ಮಾಡಿಸಿ ನೋಡಿದಾಗಲೂ ಸೈಜ್ ಬಂತು, ಬಲ ಅಷ್ಟು ಬರಲಿಲ್ಲ. ಅಂದ್ರೆ ಸೈಜ್‌ಗೆ ರೆಪ್ಸ್ ಲೆಕ್ಕ ದೊಡ್ಡದಲ್ಲ, ಸೆಟ್ ಕೊನೇಲಿ ಇನ್ನೊಂದೆರಡು ಮಾತ್ರ ಆಗುತ್ತೆ ಅನ್ನೋವರೆಗೂ ಹೋಗಿದೀರಾ, ವಾರಕ್ಕೆ ಒಂದೊಂದು ಮಸಲ್‌ಗೆ ಹತ್ತು ಸೆಟ್ಟಾದ್ರೂ ಬಿದ್ದಿದೆಯಾ, ಅದೇ ಮುಖ್ಯ. ಬಲಕ್ಕೆ ಭಾರ ಭಾರವಾಗೇ ಇರಬೇಕು.

ಹಾಗಾದ್ರೆ ನೀವು ಮಾಡ್ಬೇಕಾದ್ದು ಇಷ್ಟು. ಪ್ರತಿದಿನ ಮೊದಲು ಒಂದೇ ಒಂದು ದೊಡ್ಡ ಲಿಫ್ಟ್ ಹೆವಿ, 4 ಸೆಟ್, 3ರಿಂದ 5 ರೆಪ್ಸ್, ಇನ್ನೂ ಒಂದೆರಡು ಆಗ್ತಿತ್ತು ಅನ್ನೋವಾಗಲೇ ಬಾರ್ ಇಳಿಸಿ. ನಿಮ್ಮ ಮ್ಯಾಕ್ಸ್ 120 ಇದ್ರೆ 97.5 ಅಥವಾ 100ರಿಂದ ಶುರು ಮಾಡಿ, ಎಲ್ಲ ರೆಪ್ಸೂ ಒಂದೇ ಥರ ಬಂದ್ರೆ ಮಾತ್ರ ಮುಂದಿನ ವಾರ ಎರಡೂವರೆ ಕೆಜಿ. ಸೆಟ್ ನಡುವೆ 3-4 ನಿಮಿಷ ಕೂತ್ಕೊಳ್ಳಿ, ಟ್ರೇನರ್ ಬಂದು ಯಾಕೆ ಸುಮ್ನೆ ಕೂತಿದೀಯಾ ಅಂದ್ರೂ ಕೂತ್ಕೊಳ್ಳಿ, ಒಂದು ನಿಮಿಷಕ್ಕೇ ಎದ್ರೆ ಮುಂದಿನ ಸೆಟ್‌ನಲ್ಲಿ ಭಾರ ಇಳಿಸಬೇಕಾಗುತ್ತೆ, ಬಲದ ಟ್ರೇನಿಂಗ್ ಅಲ್ಲಿಗೇ ಮುಗೀತು. ಅದಾದ ಮೇಲೆ ಉಳಿದ ಎಕ್ಸರ್‌ಸೈಜ್ ಎಲ್ಲ ನಿಮ್ಮ ಹಳೇ 8-12 ರೆಪ್ಸಲ್ಲೇ. ಡೆಡ್‌ಲಿಫ್ಟ್ ಹೆವಿ ವಾರಕ್ಕೆ ಒಂದೇ ದಿನ, ಇನ್ನೊಂದು ದಿನ ರೊಮೇನಿಯನ್ ಡೆಡ್‌ಲಿಫ್ಟ್ (ಮಂಡಿ ಜಾಸ್ತಿ ಬಗ್ಗಿಸದೇ ಸೊಂಟದಿಂದ ಬಾಗಿ ಏಳೋದು) ಹಗುರವಾಗಿ.

ಭಾನುವಾರದ ಮ್ಯಾಕ್ಸ್ ಇವತ್ತೇ ನಿಲ್ಲಿಸಿ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತೋರು ಜನರ ಮುಂದೆ ಆ ದೊಡ್ಡ ಕಲ್ಲು ಎತ್ತೋದು ಜಾತ್ರೆ ದಿನ, ವರ್ಷವಿಡೀ ತಯಾರಿ ಮಾಡ್ತಾರೆ. ಮ್ಯಾಕ್ಸ್ ಅನ್ನೋದು ಪರೀಕ್ಷೆ, ಪರೀಕ್ಷೆ ಬರೆದು ಬರೆದು ಯಾರೂ ಓದು ಕಲಿಯಲ್ಲ. ಮ್ಯಾಕ್ಸ್ ಗೊತ್ತಾಗಲೇಬೇಕು ಅಂದ್ರೆ ಲೆಕ್ಕ ಹಾಕಿ, ಎತ್ತಿದ ರೆಪ್ಸ್‌ನ 30ರಿಂದ ಭಾಗಿಸಿ ಒಂದು ಸೇರಿಸಿ ಭಾರಕ್ಕೆ ಗುಣಿಸಿ, 105 ಕೆಜಿ 5 ರೆಪ್ಸ್ ಆದ್ರೆ ಸುಮಾರು 122. ನಿಜವಾಗಿ ಎತ್ತಿ ನೋಡೋದು ಮೂರು ತಿಂಗಳಿಗೊಮ್ಮೆ ಸಾಕು.

ಈ ವಿಷಯದಲ್ಲಿ ನಾನು ಅತಿಯಾಗಿ ಹೆದರಿಸ್ತೀನಿ ಅಂತ ನನ್ನ ಹತ್ರ ಕಲಿತ ಹುಡುಗರೇ ಹೇಳ್ತಾರೆ. ಹೇಳಲಿ. ನನಗೆ 29 ವರ್ಷ ಇದ್ದಾಗ ಪ್ಲಾನ್ ಇಲ್ಲದೇ ಒಂದು ಸಂಜೆ ಬೆಂಚ್ ಪ್ರೆಸ್ ಮ್ಯಾಕ್ಸ್‌ಗೆ ಮಲಗಿದೆ, ಬಾರ್ ಎದೆ ಹತ್ರ ಬಂದಾಗ ಬಟ್ಟೆ ಹರಿದ ಹಾಗೆ ಸದ್ದು ಬಂತು, ಎದೆ ಮಸಲ್‌ನ ಟೆಂಡನ್, ಅಂದ್ರೆ ಮಸಲ್‌ನ ಮೂಳೆಗೆ ಕಟ್ಟಿಹಾಕೋ ಹುರಿ, ಮೂಳೆಯಿಂದ ಕಿತ್ತು ಬಂದಿತ್ತು. ಆಪರೇಷನ್ ಆಯ್ತು, ಅನ್ನ ಕಲಸೋಕೂ ಎಡಗೈ ಅಂತ ವಾರಗಟ್ಟಲೆ ಇದ್ದೆ. ಮಸಲ್ ಬೆಳೆದಷ್ಟು ಬೇಗ ಟೆಂಡನ್ ಗಟ್ಟಿಯಾಗಲ್ಲ. ಅದಕ್ಕೇ ನನ್ನ ಹತ್ರ ಮೊದಲ ವರ್ಷ ಯಾರಿಗೂ ಒಂದು ರೆಪ್ ಮ್ಯಾಕ್ಸ್ ಇಲ್ಲ, ಜಗಳ ಮಾಡಿದ್ರೂ ಇಲ್ಲ.

ಪ್ರಶ್ನೆ: ವೇಯ್ಟ್ಸ್ ಮಾಡಿದ್ರೆ ಹೆಂಗಸರಿಗೆ ಗಂಡಸರ ಥರ ಮೈ ಬರುತ್ತಾ?

ಬರಲ್ಲ. ಮೀರಾಬಾಯಿ ಚಾನು ಟೋಕಿಯೋದಲ್ಲಿ 115 ಕೆಜಿ ತಲೆ ಮೇಲೆ ಎತ್ತಿದ್ದು 49 ಕೆಜಿ ಕ್ಲಾಸಲ್ಲಿ.

ಪ್ರಶ್ನೆ: ಜಿಮ್ ಬಿಟ್ರೆ ಮಸಲ್ ಎಲ್ಲ ಕೊಬ್ಬಾಗುತ್ತೆ ಅಂತಾರೆ?

ಮಸಲ್ ಬೇರೆ ಕೊಬ್ಬು ಬೇರೆ, ಒಂದು ಇನ್ನೊಂದಾಗಲ್ಲ. ತಿನ್ನೋದು ಅಷ್ಟೇ ಇದ್ದು ಕೆಲಸ ನಿಂತ್ರೆ ಹೊಟ್ಟೆ ಬರುತ್ತೆ.

ಪ್ರಶ್ನೆ: ಪ್ರೋಟೀನ್ ಪೌಡರ್ ಇಲ್ಲದೇ ಸೈಜ್ ಬರುತ್ತಾ?

ಬರುತ್ತೆ. ಮೈತೂಕದ ಒಂದು ಕೆಜಿಗೆ ದಿನಕ್ಕೆ 1.6 ಗ್ರಾಂ ಸಾಕು, 78 ಕೆಜಿ ಇದ್ರೆ 125 ಗ್ರಾಂ. ಆರು ಮೊಟ್ಟೇಲಿ 36, ಅರ್ಧ ಲೀಟರ್ ಹಾಲಲ್ಲಿ 16, 50 ಗ್ರಾಂ ಒಣ ಸೋಯಾ ಚಂಕ್ಸಲ್ಲಿ 26, 100 ಗ್ರಾಂ ಹುರುಳಿಕಾಳು ಅಥವಾ ತೊಗರಿಬೇಳೇಲಿ 22, ಉಳಿದಿದ್ದು ಮುದ್ದೆ ಅನ್ನ ಚಪಾತಿ ಮೊಸರಲ್ಲೇ ಬರುತ್ತೆ. ಬರೀ ಮುದ್ದೆ ತಿಳಿಸಾರು ಉಂಡು ಸೈಜ್ ಬರ್ತಿಲ್ಲ ಅಂದ್ರೆ ನಾನೇನೂ ಮಾಡೋಕಾಗಲ್ಲ. ಕಿಡ್ನಿ ತೊಂದರೆ ಇರೋರು ಮಾತ್ರ ಡಾಕ್ಟರ್ ಕೇಳದೇ ಇದನ್ನ ಮಾಡ್ಬೇಡಿ.

ಪ್ರಶ್ನೆ: ಜಿಮ್‌ನಲ್ಲಿ ಒಂದು ಇಂಜೆಕ್ಷನ್ ಕೊಡ್ತಾರೆ, ಭಾರ ಹಗುರ ಅನ್ಸುತ್ತೆ. ತೂಕ ಹೆಚ್ಚಿಸೋ ಒಂದು ಪೌಡರ್ ಕೂಡ ಇದೆ, ತಗೋಬಹುದಾ?

ತಮ್ಮಾ, ಆ ಇಂಜೆಕ್ಷನ್ ಹೆಸರು ನೀನು ಬರೆದಿದೀಯ, ಮೆಫೆಂಟರ್ಮಿನ್. ಅದು ಆಪರೇಷನ್ ಟೇಬಲ್ ಮೇಲೆ ಬಿಪಿ ಕುಸಿದ ರೋಗಿಗೆ ಕೊಡೋ ಔಷಧಿ. ಬಿಪಿ ಚೆನ್ನಾಗಿರೋ ಹುಡುಗ ಅದನ್ನ ಹಾಕೊಂಡು ಉಸಿರು ಕಟ್ಟಿ ಸ್ಕ್ವಾಟ್ ಮಾಡಿದ್ರೆ ಹೃದಯದ ಗತಿ ಏನು ಯೋಚಿಸು. ಅದು ಚಟವೂ ಆಗುತ್ತೆ. ಇನ್ನು ಹೆಸರಿಲ್ಲದ ದಪ್ಪ ಆಗೋ ಪೌಡರ್‌ಗಳಲ್ಲಿ ಡೆಕ್ಸಾಮೆಥಾಸೋನ್ ಥರದ ಸ್ಟೀರಾಯ್ಡ್ ಬೆರೆಸಿರೋದು ಹೊಸದಲ್ಲ, ಅದರಿಂದ ಮುಖ ಊದುತ್ತೆ, ಮಸಲ್ ಬೆಳೆಯೋದಿರಲಿ ಕರಗುತ್ತೆ, ಶುಗರ್ ಏರುತ್ತೆ. ಈಗಾಗಲೇ ತಿಂಗಳುಗಟ್ಟಲೆ ತಗೊಂಡಿದ್ರೆ ಒಮ್ಮೆಗೇ ನಿಲ್ಲಿಸ್ಬೇಡ, ಡಬ್ಬಿ ತಗೊಂಡು ಎಂಡಿ ಡಾಕ್ಟರ್ ಹತ್ರ ಹೋಗಿ ನಿಜ ಹೇಳು, ಅಪ್ಪ ಅಮ್ಮನಿಗೆ ಆಮೇಲೆ ಹೇಳಿದ್ರೂ ಪರವಾಗಿಲ್ಲ. ಟೆಸ್ಟೋಸ್ಟೆರಾನ್ ಹಾಕೊಂಡೋರ ಪ್ರೋಗ್ರಾಂ ನೋಡಿ ಕಾಪಿ ಮಾಡೋರಿಗೂ ಒಂದು ಮಾತು: 1996ರ ಒಂದು ಅಧ್ಯಯನದಲ್ಲಿ ಹತ್ತು ವಾರ ಟೆಸ್ಟೋಸ್ಟೆರಾನ್ ತಗೊಂಡು ವ್ಯಾಯಾಮವನ್ನೇ ಮಾಡದೇ ಇದ್ದೋರ ಮೈ, ಔಷಧಿ ಇಲ್ಲದೇ ಕಷ್ಟಪಟ್ಟೋರ ಮೈಗಿಂತ ಜಾಸ್ತಿ ಬೆಳೆದಿತ್ತು. ಅಂಥವರ ಮೈ ಅವರ ಪ್ರೋಗ್ರಾಂಗೆ ಸಾಕ್ಷಿ ಅಲ್ಲ.

ಪ್ರಶ್ನೆ: ನಮ್ಮ ತಾಯಿಗೆ 67 ವರ್ಷ, ನೆಲದಿಂದ ಏಳೋಕೆ ಕಷ್ಟ. ಈ ವಯಸ್ಸಲ್ಲಿ ಮಸಲ್ ಬೆಳೆಯುತ್ತಾ?

ಈ ಸಲ ನನಗೆ ಖುಷಿ ಕೊಟ್ಟ ಪ್ರಶ್ನೆ ಇದೊಂದೇ. 1990ರಲ್ಲಿ ಮರಿಯಾ ಫಿಯಾಟರೋನೆ ಅನ್ನೋ ಡಾಕ್ಟರ್ ವೃದ್ಧಾಶ್ರಮದಲ್ಲಿದ್ದ 90 ವರ್ಷದ ಆಸುಪಾಸಿನವರಿಗೆ 8 ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದ್ರು. ತೊಡೆಯ ಮಸಲ್ ಬೆಳೆದಿದ್ದು ಶೇಕಡಾ 9, ಬಲ ಏರಿದ್ದು ಸರಾಸರಿ ಶೇಕಡಾ 174. ಆ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ, ಮೇಲೆ ನಾನು ಅಷ್ಟುದ್ದ ಹೇಳಿದ್ದೆಲ್ಲ ಅದರಲ್ಲೇ ಇದೆ. ಅಮ್ಮನಿಗೆ ಮೊದಲು ಬಿಪಿ ಮತ್ತು ಮಂಡಿ ತೋರಿಸಿ. ಆಮೇಲೆ ಮನೇಲೇ, ಎತ್ತರದ ಕುರ್ಚಿ ಮೇಲೆ ಕೂತು ಕೈ ಊರದೇ ಏಳೋದು, ಐದು ಸಲ, ಎರಡು ನಿಮಿಷ ಬಿಟ್ಟು ಮತ್ತೆ ಐದು, ಹೀಗೆ ಮೂರು ಸರ್ತಿ, ವಾರಕ್ಕೆ ಮೂರು ದಿನ. ಸಲೀಸು ಅನ್ಸಿದಾಗ ಎರಡು ಲೀಟರ್ ನೀರಿನ ಬಾಟ್ಲಿ ಎದೆಗೆ ಅಪ್ಪಿಕೊಂಡು ಏಳಲಿ, ಇಲ್ಲಾ ಸ್ವಲ್ಪ ತಗ್ಗಿನ ಕುರ್ಚಿ ಕೊಡಿ. ಏಳುವಾಗ ಉಸಿರು ಬಿಡೋಕೆ ಹೇಳಿ, ಕಟ್ಟಿ ಹಿಡಿಯೋದು ಬೇಡ. ಕುರ್ಚೀನ ಗೋಡೆಗೆ ಒತ್ತಿ ಇಡಿ, ಪ್ಲಾಸ್ಟಿಕ್ ಕುರ್ಚಿ ಬೇಡ, ಟೈಲ್ಸ್ ಮೇಲೆ ಜಾರುತ್ತೆ, ಮತ್ತೆ ಮೊದಲ ಒಂದೆರಡು ವಾರ ನೀವೇ ಪಕ್ಕದಲ್ಲಿ ನಿಂತಿರಿ.