ಆ ಫೈಲನ್ನು ಕೊರಿಯರ್ ಮಾಡಬೇಡಿ

ಹಾಸನ ಕಡೆಯ ಒಬ್ಬ ತಾಯಿ ಬರೆದಿದ್ದಾರೆ. ಮಗಳ ಮದುವೆಯಾಗಿ ನಾಲ್ಕು ವರ್ಷ. ಅಳಿಯನಿಗೆ ಬೆಂಗಳೂರಿನಲ್ಲಿ ಒಳ್ಳೆ ಕೆಲಸ, ಕುಡಿತವಿಲ್ಲ, ‘ಸಿಟ್ಟು ಬಂದಾಗ ಮಾತ್ರ ಕೈ ಮಾಡುತ್ತಾರೆ’. ಎರಡು ಸಲ ಮಗಳು ತವರಿಗೆ ಓಡಿ ಬಂದಳು. ಎರಡು ಸಲವೂ ಅವಳ ಸೋದರಮಾವ ರಾಜಿ ಮಾಡಿಸಿ, ಮಡಿಲು ತುಂಬಿಸಿ ವಾಪಸ್ ಕಳಿಸಿದರು. ಈ ಸಲ ಗೌರಿ ಹಬ್ಬಕ್ಕೆ ಬಂದವಳು ಏನೂ ಹೇಳಲಿಲ್ಲ, ಬಾಗಿನ ತಗೊಂಡು ಹೋದಳು. ಹೊಂದಿಕೊಂಡು ಹೋಗೋದು ಹೇಗೆ ಅಂತ ಅವಳಿಗೆ ನಾಲ್ಕು ಮಾತು ಬರೆಯಬೇಕಂತೆ ನಾನು. ಕೊನೆಗೊಂದು ಸಾಲು: ‘ಮಾರ್ಕ್ಸ್ ಕಾರ್ಡ್ ಫೈಲನ್ನು ನನ್ನ ಬೀರುವಿನಲ್ಲಿ ಸೀರೆಗಳ ಕೆಳಗೆ ಮರೆತು ಹೋಗಿದ್ದಾಳೆ. ಕೊರಿಯರ್ ಮಾಡಲಾ?’

ಅಮ್ಮಾ, ಹಬ್ಬಕ್ಕೆ ಬರುವ ಹುಡುಗಿ ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ಮಾರ್ಕ್ಸ್ ಕಾರ್ಡು ಯಾಕೆ ಹೊತ್ತು ತರುತ್ತಾಳೆ? ತಂದದ್ದನ್ನು ಸೀರೆಯ ಅಡಿಗೆ ಯಾಕೆ ಇಡುತ್ತಾಳೆ? ಅವಳು ಆ ಮನೆ ಬಿಡುವ ತಯಾರಿಯಲ್ಲಿದ್ದಾಳೆ. ನಿಮಗೆ ಹೇಳಲಿಲ್ಲ, ಯಾಕಂದರೆ ಹಿಂದೆ ಎರಡು ಸಲ ಹೇಳಿ ನೋಡಿದ್ದಾಳೆ.

ನಿಮ್ಮ ಅಳಿಯನ ಬಗ್ಗೆ ನನಗೆ ಹೇಳೋದು ಜಾಸ್ತಿ ಇಲ್ಲ. ಆಫೀಸಿನಲ್ಲಿ ಸಿಟ್ಟು ಬಂದರೆ ಯಾರಿಗೂ ಹೊಡೆಯದವನಿಗೆ ಸಿಟ್ಟು ತಡೆಯೋದು ಗೊತ್ತು, ಅಲ್ವಾ? ನನ್ನ ಕೋಪ ನಿಮ್ಮ ಅಣ್ಣನ ಮೇಲೆ. ಈ ಸಂಬಂಧ ತಂದವರೇ ಅವರು, ಅದಕ್ಕೇ ಅವರ ಮರ್ಯಾದೆ ಉಳಿಯಬೇಕು. ಅಳಿಯನ ಜೊತೆ ಕಾಫಿ ಕುಡಿಯುತ್ತಾ ಒಂದು ಗಂಟೆ ಮಾತಾಡಿದರಂತೆ. ಹುಡುಗಿಯನ್ನು ಕೇಳಿದ್ದು ಒಂದೇ ಪ್ರಶ್ನೆ: ‘ನೀನೇನು ಎದುರು ಮಾತಾಡಿದೆ?’ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಬೇರೆ. ಉಂಡು ಮಲಗಿ ವಾರವಾದರೂ ಭುಜದ ಬಾವು ಇಳಿದಿರಲಿಲ್ಲ ಅಂತ ನೀವೇ ಬರೆದಿದ್ದೀರಿ. ಹೊಡೆತ ತಿಂದವಳನ್ನು ಒಳಗೆ ಕೂರಿಸಿ ಹಜಾರದಲ್ಲಿ ನಡೆಸುವ ರಾಜಿ ಪಂಚಾಯ್ತಿ ನನಗೆ ಆಗದು ಅಂತ ಈ ಅಂಕಣ ಓದುವವರಿಗೆಲ್ಲ ಗೊತ್ತು.

‘ನಮ್ಮಂಥ ಮನೆಯಲ್ಲಿ ಹೀಗಾಯ್ತಲ್ಲ’ ಅಂತ ಕೊರಗಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 44 ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ನಿಮ್ಮ ಬೀದಿಯಲ್ಲೂ ಇದ್ದಾರೆ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇಂಥವರಿಗಾಗಿಯೇ ಇದೆ. ದೂರು ಕೊಡಲು ಮಗಳು ಬೆಂಗಳೂರಿಗೇ ಹೋಗಬೇಕಿಲ್ಲ, ನಿಮ್ಮ ಮನೆಯಲ್ಲಿದ್ದುಕೊಂಡು ನಿಮ್ಮೂರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂದರೆ ಅಂಗನವಾಡಿಯವರು ‘ಸಿಡಿಪಿಓ ಮೇಡಂ’ ಅನ್ನುತ್ತಾರಲ್ಲ ಅವರೇ, ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿ. ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುವುದು ಅವರ ಕೆಲಸ. ಒಡವೆ ವಾಪಸ್ ಕೇಳಬಹುದು, ಖರ್ಚಿಗೆ ದುಡ್ಡು ಕೇಳಬಹುದು. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಇರಬೇಕು ಅನ್ನುತ್ತದೆ ಕಾಯ್ದೆ. ಕೋರ್ಟಿನಲ್ಲಿ ಎಳೆಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ರಕ್ಷಣಾ ಆದೇಶ ಬಂದ ಮೇಲೆ ಅದನ್ನು ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ.

ಇವೆಲ್ಲ ಆಮೇಲೆ. ಮೊದಲು ನೀವು ಬೆಂಗಳೂರಿನ ಬಸ್ ಹತ್ತಿ. ಅಳಿಯ ಆಫೀಸಿಗೆ ಹೋದ ಹೊತ್ತಿನಲ್ಲಿ ಮಗಳ ಎದುರು ಕೂತು, ‘ಬರ್ತೀಯಾ? ಈ ಸಲ ವಾಪಸ್ ಕಳಿಸಲ್ಲ’ ಅನ್ನಿ. ವಾಟ್ಸಾಪಿನಲ್ಲಿ ಬರೆಯಬೇಡಿ, ಫೋನು ಅವನ ಕೈಗೂ ಸಿಗುತ್ತದೆ. ಹೂಂ ಅಂದರೆ ಆಧಾರ್, ಪಾಸ್‌ಬುಕ್, ಒಡವೆ ತಗೊಂಡು ಹೊರಡಿ. ಯಾರಾದರೂ ಅಡ್ಡ ಬಂದರೆ 112ಕ್ಕೆ ಕರೆ ಮಾಡಿ, ಮುಂದಿನ ದಾರಿ ಕೇಳಲು ಮಹಿಳಾ ಸಹಾಯವಾಣಿ 181 ಇದೆ. ಇನ್ನೂ ಟೈಮ್ ಬೇಕು ಅಂದರೆ ಒತ್ತಾಯ ಬೇಡ, ಫೈಲು ಬೀರುವಿನಲ್ಲೇ ಇರಲಿ.

ನಿಮ್ಮ ಅಣ್ಣನಿಗೆ ಮಾತ್ರ ಮುಂಚೆ ಹೇಳಬೇಡಿ.